ಮನೆಯಲ್ಲಿ ಕಲಿಯುವವರಿಗೂ ಒಂದು ಯೋಜನೆ ಬೇಕು

ನಮ್ಮ ಅಭ್ಯಾಸ ಬೋಧನೆಯ ಕಡತದಲ್ಲಿರುವ ಪ್ರತಿಯೊಂದು ಪಾಠಯೋಜನೆಯೂ ಒಂದು ತರಗತಿಯನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದದ್ದು. 40 ನಿಮಿಷಗಳ ಅವಧಿ, ಎದುರಿಗೆ ನಲವತ್ತೋ ಐವತ್ತೋ ಮಕ್ಕಳು, ಕೊನೆಯ ಬೆಂಚಿನಲ್ಲಿ ಕುಳಿತು ಟಿಪ್ಪಣಿ ಬರೆಯುವ ಮಾರ್ಗದರ್ಶಿ ಅಧ್ಯಾಪಕರು. ತೊಡಗಿಸಿಕೊಳ್ಳುವಿಕೆಯಿಂದ ಮೌಲ್ಯಮಾಪನದವರೆಗೆ 5ಇ ಮಾದರಿಯ ಐದು ಹಂತಗಳನ್ನೂ ಈ ಕೋಣೆಗಾಗಿಯೇ ಕಲಿಯುತ್ತೇವೆ. ಕೋಣೆಯೊಳಗೆ ಇಲ್ಲದ, ಆದರೆ ಮುಂದೊಂದು ದಿನ ಎಸ್‌ಎಸ್‌ಎಲ್‌ಸಿ ಬರೆಯಲಿರುವ ಮಗುವಿಗಾಗಿ ಒಂದು ಪುಟವನ್ನೂ ಬರೆಯುವುದಿಲ್ಲ. ಸಮೀರವಾಡಿ ಸುತ್ತಮುತ್ತ ಅಂಥ ಮಕ್ಕಳು ಇದ್ದಾರೆ. ಅವರಿಗಾಗಿ ಗಣಿತ, ವಿಜ್ಞಾನಗಳ ಯೋಜನೆ ಮಾಡುವುದನ್ನು ನಮ್ಮ ತರಬೇತಿ ಕಲಿಸಬೇಕು ಎಂಬುದು ಈ ಲೇಖನದ ವಾದ.

ಯಾರು ಈ ಮಕ್ಕಳು?

ಬೆಂಗಳೂರಿನಂಥ ನಗರಗಳಲ್ಲಿ ಬೇಕೆಂದೇ ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲಿ ಓದಿಸುವ ಕುಟುಂಬಗಳಿವೆ. ಅಲ್ಲಿ ಓದಿದ ತಂದೆತಾಯಿ ಇರುತ್ತಾರೆ, ಪುಸ್ತಕ ಇರುತ್ತವೆ, ಪರೀಕ್ಷೆಗೆ ರಾಷ್ಟ್ರೀಯ ಮುಕ್ತ ವಿದ್ಯಾಲಯ ಅಂದರೆ ಎನ್‌ಐಒಎಸ್ ದಾರಿಯನ್ನೋ ಕೇಂಬ್ರಿಡ್ಜ್‌ನ ಐಜಿಸಿಎಸ್‌ಇ ದಾರಿಯನ್ನೋ ಹಿಡಿಯುತ್ತಾರೆ. ನಮ್ಮ ಭಾಗದ ಮನೆಕಲಿಕೆ ಹೀಗೆ ಆರಿಸಿಕೊಂಡದ್ದಲ್ಲ. ಕಾರ್ಖಾನೆ ಚಾಲೂ ಆಯಿತೆಂದರೆ ಕಬ್ಬು ಕಡಿಯುವ ಗ್ಯಾಂಗುಗಳ ಜೊತೆ ಹೊರ ಜಿಲ್ಲೆಗಳಿಂದ, ಮಹಾರಾಷ್ಟ್ರದಿಂದ ಬರುವ ಹದಿಹರೆಯದವರಿದ್ದಾರೆ. ರಬಕವಿ, ಬನಹಟ್ಟಿಗಳಲ್ಲಿ ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುತ್ತ ಶಾಲೆ ತಪ್ಪಿಸಿಕೊಂಡವರಿದ್ದಾರೆ. ತಾಯಿಗೆ ಆರಾಮಿಲ್ಲ, ತಮ್ಮ ತಂಗಿಯರನ್ನು ನೋಡುವವರಿಲ್ಲ ಎಂದು ಎಂಟನೆಯದೋ ಒಂಬತ್ತನೆಯದೋ ಆದ ಮೇಲೆ ಮನೆಯಲ್ಲೇ ಉಳಿದ ಹುಡುಗಿಯರಿದ್ದಾರೆ. ಇವರಲ್ಲಿ ಕೆಲವರಾದರೂ ಮುಂದೆ ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಕಟ್ಟುತ್ತಾರೆ.

ಇವರು ಕೈತಪ್ಪುವ ಜಾಗವೂ ಗಮನಿಸಬೇಕಾದದ್ದು. 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. ಅಂದರೆ ಎಂಟನೆಯ ತರಗತಿಗೆ ಕಾನೂನಿನ ಕೈ ಮುಗಿಯುತ್ತದೆ. ಬೀಜಗಣಿತ ಗಟ್ಟಿಯಾಗಬೇಕಾದ, ರಸಾಯನಶಾಸ್ತ್ರ ನಿಜವಾಗಿ ಶುರುವಾಗುವ ಒಂಬತ್ತು ಮತ್ತು ಹತ್ತನೆಯ ತರಗತಿಗಳು ಅದರ ಆಚೆಗಿವೆ. ಭಾಷೆ ಮತ್ತು ಸಮಾಜ ವಿಜ್ಞಾನವನ್ನು ಹಟ ಹಿಡಿದು ಓದಿಯಾದರೂ ದಾಟಬಹುದು. ಗಣಿತ, ವಿಜ್ಞಾನಗಳಲ್ಲಿ ಒಂದು ಮೆಟ್ಟಿಲು ತಪ್ಪಿದರೆ ಮುಂದಿನದಕ್ಕೆ ಕಾಲು ಇಡಲಾಗುವುದಿಲ್ಲ.

ಪಾಸಿಂಗ್ ಪ್ಯಾಕೇಜ್ ಯೋಜನೆಯಲ್ಲ

ಇಂಥ ಮಕ್ಕಳಿಗೆ ಈಗ ಸಿಗುತ್ತಿರುವುದು ಹೆಚ್ಚಾಗಿ ಪಾಸಿಂಗ್ ಪ್ಯಾಕೇಜ್. ನಕ್ಷೆ ಬಿಡಿಸುವ ಲೆಕ್ಕ, ಒಂದೆರಡು ಪ್ರಮೇಯ, ಕಣ್ಣಿನ ಚಿತ್ರ, ಹೃದಯದ ಚಿತ್ರ, ಹತ್ತಿಪ್ಪತ್ತು ವ್ಯಾಖ್ಯೆ. ಪರೀಕ್ಷೆಗೆ ತಿಂಗಳು ಉಳಿದಾಗ ಅದಕ್ಕೊಂದು ಉಪಯೋಗವಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ವರ್ಷವಿಡೀ ಸಮಯವಿರುವ ಹುಡುಗಿಗೂ ಅದನ್ನೇ ಕೊಟ್ಟು ಕಳಿಸುವುದು ಅನ್ಯಾಯ. ಅದರಿಂದ ಪಾಸಾದವಳು ಪಿಯು ವಿಜ್ಞಾನದ ಬಾಗಿಲಲ್ಲಿ ನಿಲ್ಲಲಾರಳು. ಐಟಿಐ, ಡಿಪ್ಲೊಮಾಗಳ ಮೊದಲ ತಿಂಗಳ ಲೆಕ್ಕವೂ ಅವಳನ್ನು ಹೆದರಿಸುತ್ತದೆ. ಪ್ರಮಾಣಪತ್ರ ಕೈಗೆ ಬಂದರೂ ಅದು ತೆರೆಯಬೇಕಾದ ದಾರಿ ತೆರೆಯುವುದಿಲ್ಲ.

ಹಾಗಾದರೆ ಯೋಜನೆ ಹೇಗಿರಬೇಕು? ನಮ್ಮೂರಿನ ಇಬ್ಬರು ಹುಡುಗಿಯರಿಗೆ ವಾರಕ್ಕೊಮ್ಮೆ ಗಣಿತ ನೋಡಿಕೊಡುತ್ತ, ವಿಧಾನಶಾಸ್ತ್ರದ ತರಗತಿಯಲ್ಲಿ ಕಲಿತದ್ದರ ಜೊತೆ ಅದನ್ನು ಹೋಲಿಸಿದಾಗ ನನಗೆ ಸ್ಪಷ್ಟವಾದ ಮೂರು ಸಂಗತಿಗಳನ್ನು ಇಲ್ಲಿ ಮುಂದಿಡುತ್ತೇನೆ.

ಒಂದು: ಅಧ್ಯಾಯದ ಕ್ರಮಕ್ಕಿಂತ ಅವಲಂಬನೆಯ ಕ್ರಮ

ಶಾಲೆಯಲ್ಲಿ ಹಿಂದಿನ ವರ್ಷದ ಪಾಠ ಮರೆತಿದ್ದರೆ ಶಿಕ್ಷಕರು ಐದು ನಿಮಿಷ ನೆನಪಿಸುತ್ತಾರೆ. ಮನೆಯಲ್ಲಿ ನೆನಪಿಸುವವರಿಲ್ಲ. ಆದ್ದರಿಂದ ಯಾವುದು ಯಾವುದರ ಮೇಲೆ ನಿಂತಿದೆ ಎಂಬುದನ್ನು ಯೋಜನೆ ಮೊದಲೇ ಬಿಡಿಸಿ ತೋರಿಸಬೇಕು. ತ್ರಿಕೋನಮಿತಿ ಸಮರೂಪ ತ್ರಿಭುಜಗಳ ಮೇಲೆ ನಿಂತಿದೆ, ಸಮರೂಪತೆ ಅನುಪಾತದ ಮೇಲೆ, ಅನುಪಾತ ಭಿನ್ನರಾಶಿಯ ಮೇಲೆ. ವರ್ಗ ಸಮೀಕರಣಕ್ಕೆ ಅಪವರ್ತನ ಬೇಕು, ಅಪವರ್ತನಕ್ಕೆ ಋಣ ಸಂಖ್ಯೆಗಳ ಗುಣಾಕಾರ ತಪ್ಪದೆ ಬರಬೇಕು. ನಿರ್ದೇಶಾಂಕ ರೇಖಾಗಣಿತದ ದೂರದ ಸೂತ್ರ ಪೈಥಾಗೊರಸ್ ಪ್ರಮೇಯವೇ. ವಿಜ್ಞಾನದಲ್ಲೂ ಹೀಗೆಯೇ: ಒಂಬತ್ತನೆಯ ತರಗತಿಯ ಪರಮಾಣು, ಅಣು, ವೇಲೆನ್ಸಿ ತಿಳಿಯದವಳಿಗೆ ಹತ್ತನೆಯ ತರಗತಿಯ ರಾಸಾಯನಿಕ ಸಮೀಕರಣ ಬರಿಯ ಅಕ್ಷರಗಳ ಸಾಲು.

ಜೂನ್‌ನಿಂದ ಅಕ್ಟೋಬರ್‌ವರೆಗೆ ಹಬ್ಬ ಹುಣ್ಣಿಮೆ ಕಳೆದು 20 ವಾರ ಸಿಗುತ್ತವೆ ಎಂದುಕೊಳ್ಳೋಣ. ವಾರಕ್ಕೆ ಐದು ದಿನ, ದಿನಕ್ಕೆ ಒಂದು ಗಂಟೆ ಗಣಿತವೆಂದರೆ 100 ಗಂಟೆ. ನನ್ನ ಹಂಚಿಕೆ ಹೀಗೆ: ಮೊದಲ 4 ವಾರ ಹತ್ತನೆಯ ಪುಸ್ತಕವನ್ನು ತೆರೆಯುವುದೇ ಇಲ್ಲ, ಭಿನ್ನರಾಶಿ, ಋಣ ಸಂಖ್ಯೆ, ಅನುಪಾತ, ಬೀಜೋಕ್ತಿ, ಅಪವರ್ತನ. ಮುಂದಿನ 6 ವಾರ ಬೀಜಗಣಿತದ ಎಳೆ: ಬಹುಪದೋಕ್ತಿ, ರೇಖಾತ್ಮಕ ಸಮೀಕರಣಗಳ ಜೋಡಿ, ವರ್ಗ ಸಮೀಕರಣ, ಸಮಾಂತರ ಶ್ರೇಢಿ. ಆಮೇಲೆ 6 ವಾರ ರೇಖಾಗಣಿತದ ಎಳೆ: ತ್ರಿಭುಜ, ವೃತ್ತ, ನಿರ್ದೇಶಾಂಕ, ತ್ರಿಕೋನಮಿತಿ. ಕೊನೆಯ 4 ವಾರ ವಿಸ್ತೀರ್ಣ, ಘನಫಲ, ಸಂಖ್ಯಾಶಾಸ್ತ್ರ, ಸಂಭವನೀಯತೆ. ಮೊದಲ ನಾಲ್ಕು ವಾರ ‘ವ್ಯರ್ಥ’ ಎಂದು ಮನೆಯವರಿಗೆ ಅನ್ನಿಸುತ್ತದೆ. ಆ ನಾಲ್ಕು ವಾರ ಉಳಿಸಲು ಹೋದರೆ ಉಳಿದ ಹದಿನಾರು ವಾರ ಹೋಗುತ್ತವೆ ಎಂದು ನಾವು ತಿಳಿಸಿ ಹೇಳಬೇಕು.

ಹಂಗಾಮಿನ ಲೆಕ್ಕವೂ ಯೋಜನೆಯಲ್ಲಿ ಇರಲೇಬೇಕು. ನಮ್ಮ ಭಾಗದಲ್ಲಿ ಕಬ್ಬು ನುರಿಸುವ ತಿಂಗಳುಗಳೇ ಮನೆಯಲ್ಲಿ ಕೆಲಸ ಹೆಚ್ಚಾಗುವ ತಿಂಗಳುಗಳು. ಹೊಸ ಪರಿಕಲ್ಪನೆಗಳನ್ನು ಅಕ್ಟೋಬರ್ ಒಳಗೆ ಮುಗಿಸಿ, ನವೆಂಬರ್‌ನಿಂದ ದಿನಕ್ಕೆ ಅರ್ಧ ಗಂಟೆ ಅಭ್ಯಾಸ ಮಾತ್ರ ಇಟ್ಟುಕೊಂಡರೆ ಅದು ನಡೆಯುವ ಯೋಜನೆ. ಎಸ್‌ಎಸ್‌ಎಲ್‌ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ನಡೆಯುತ್ತಿರುವುದು ಇಂಥವರಿಗೆ ದೊಡ್ಡ ಅನುಕೂಲ. ನೋಂದಣಿಯ ನಿಯಮ, ಕೊನೆಯ ದಿನಾಂಕಗಳನ್ನು ಆಯಾ ವರ್ಷದ ಮಂಡಳಿಯ ಸುತ್ತೋಲೆಯಲ್ಲಿ ನೋಡಿ ಯೋಜನೆಯ ಮೊದಲ ಪುಟದಲ್ಲೇ ಬರೆದಿಡಬೇಕು. ದಿನಾಂಕ ತಪ್ಪಿದರೆ ವರ್ಷದ ಓದು ನೀರಿನಲ್ಲಿ ಹೋಮ.

ಎರಡು: ಮನೆಯೂ ಪ್ರಯೋಗಾಲಯ, ಆದರೆ ಆಯ್ದು

ಶಾಲೆಯ ವಿದ್ಯಾರ್ಥಿಗೆ ವಿಷಯಕ್ಕೆ 80 ಅಂಕಗಳ ಲಿಖಿತ ಪರೀಕ್ಷೆ, 20 ಅಂಕ ಆಂತರಿಕ ಮೌಲ್ಯಮಾಪನ. ಖಾಸಗಿ ಅಭ್ಯರ್ಥಿಗಳಿಗೆ ಮಂಡಳಿ 100 ಅಂಕಗಳ ಪ್ರಶ್ನೆಪತ್ರಿಕೆಯನ್ನೇ ಕೊಡುತ್ತ ಬಂದಿದೆ. ಚಟುವಟಿಕೆಗೆ ಅಂಕವಿಲ್ಲವೆಂದ ಮೇಲೆ ಮನೆಯಲ್ಲಿ ಓದುವವರ ವಿಜ್ಞಾನದಿಂದ ಮೊದಲು ಹಾರಿಹೋಗುವುದು ಪ್ರಯೋಗ. ಇದನ್ನು ನಾವು ಒಪ್ಪಬಾರದು. ಅಂಕಕ್ಕೆ ಬೇಕಿಲ್ಲದಿದ್ದರೂ ಅರ್ಥವಾಗುವುದಕ್ಕೆ ಪ್ರಯೋಗ ಬೇಕು.

ಆಮ್ಲ, ಪ್ರತ್ಯಾಮ್ಲಗಳ ಪಾಠವನ್ನು ತೆಗೆದುಕೊಳ್ಳಿ. ಮಹಾಲಿಂಗಪುರದ ಕಡೆಯ ಗಾಣಗಳಲ್ಲಿ ಬೆಲ್ಲ ಮಾಡುವಾಗ ಕಾಯುವ ಹಾಲಿಗೆ ಸುಣ್ಣ ಹಾಕುವುದನ್ನು ಈ ಮಕ್ಕಳು ನಮಗಿಂತ ಚೆನ್ನಾಗಿ ನೋಡಿದ್ದಾರೆ. ಕಬ್ಬಿನ ಹಾಲು ತುಸು ಆಮ್ಲೀಯ. ಸುಣ್ಣ ಆ ಆಮ್ಲವನ್ನು ತಟಸ್ಥಗೊಳಿಸುತ್ತದೆ, ಕೊಳೆ ಮೇಲೆ ಬರಲು ನೆರವಾಗುತ್ತದೆ. ಇದನ್ನು ಸೂಚಕದಿಂದ ಪರೀಕ್ಷಿಸಲು ಹೇಳಿದರೆ ಒಂದು ಒಳ್ಳೆಯ ಪ್ರಶ್ನೆ ಏಳುತ್ತದೆ. ಅರಿಶಿನದ ಕಾಗದ ಸುಣ್ಣದ ತಿಳಿನೀರಿಗೆ ಕೆಂಪಾಗುತ್ತದೆ, ಆದರೆ ಕಬ್ಬಿನ ಹಾಲಿಗೂ ಬರಿಯ ನೀರಿಗೂ ಹಳದಿಯಾಗಿಯೇ ಉಳಿಯುತ್ತದೆ. ಹಾಗಾದರೆ ಆಮ್ಲವನ್ನು ಹಿಡಿಯುವುದು ಹೇಗೆ? ದಾಸವಾಳದ ಹೂವಿನ ರಸ ಆಮ್ಲದಲ್ಲಿ ಕೆಂಪಿನ ಕಡೆಗೆ, ಪ್ರತ್ಯಾಮ್ಲದಲ್ಲಿ ಹಸಿರಿನ ಕಡೆಗೆ ತಿರುಗುತ್ತದೆ. ಯಾವ ಸೂಚಕ ಯಾವ ಕೆಲಸಕ್ಕೆ ಎಂಬುದನ್ನು ಹುಡುಗಿ ತಾನೇ ಕಂಡುಕೊಂಡರೆ ಅದು ಐದು ಅಂಕದ ಉತ್ತರಕ್ಕಿಂತ ಹೆಚ್ಚು.

ಕಾರ್ಬನ್ ಸಂಯುಕ್ತಗಳ ಪಾಠಕ್ಕೆ ಸಕ್ಕರೆ ಕಾರ್ಖಾನೆಯೇ ಉದಾಹರಣೆ. ಕಾಕಂಬಿಯಿಂದ ಎಥನಾಲ್ ಆಗುವಾಗ ಯೀಸ್ಟ್ ಒಂದು ಗ್ಲೂಕೋಸ್ ಅಣುವನ್ನು ಎರಡು ಎಥನಾಲ್ ಮತ್ತು ಎರಡು ಕಾರ್ಬನ್ ಡೈಆಕ್ಸೈಡ್ ಅಣುಗಳಾಗಿ ಒಡೆಯುತ್ತದೆ. ಗ್ಲೂಕೋಸಿನ ಆರು ಕಾರ್ಬನ್ ಪರಮಾಣುಗಳಲ್ಲಿ ನಾಲ್ಕು ಎಥನಾಲಿಗೆ, ಎರಡು ಅನಿಲಕ್ಕೆ. ಸಮೀಕರಣವನ್ನು ಸರಿದೂಗಿಸುವುದೆಂದರೆ ಈ ಲೆಕ್ಕ ತಾಳೆಯಾಗುವುದು ಎಂದು ಇಲ್ಲಿ ತಿಳಿಯುತ್ತದೆ. ಕಬ್ಬಿನ ಸಿಪ್ಪೆ ಉರಿದು ಉಗಿಯಾಗಿ, ಟರ್ಬೈನ್ ತಿರುಗಿ ವಿದ್ಯುತ್ ಆಗುವುದು ವಿದ್ಯುತ್ ಕಾಂತೀಯ ಪಾಠದ ಮುನ್ನುಡಿ. ಮಗ್ಗದ ಮನೆಯವರಿಗೆ ಯೂನಿಟ್ ಎಂದರೇನು ಎಂದು ಹೊಸದಾಗಿ ಹೇಳಬೇಕಿಲ್ಲ; ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್, ಅಷ್ಟೇ ಶಕ್ತಿಯನ್ನು 8 ಗಂಟೆ ಬಳಸಿದರೆ ಸುಮಾರು 6 ಯೂನಿಟ್. ಮೀಟರ್ ಓದಿ ಈ ಲೆಕ್ಕಕ್ಕೆ ಹೋಲಿಸಿ, ವ್ಯತ್ಯಾಸ ಏಕೆ ಬಂತು ಎಂದು ಬರೆಯುವುದು ಒಂದು ವಾರದ ಕೆಲಸ.

ಓಮ್‌ನ ನಿಯಮಕ್ಕೆ 100 ಓಮ್ ರೋಧಕ, ಟಾರ್ಚಿನ ಮೂರು ಶೆಲ್, ಅಗ್ಗದ ಮಲ್ಟಿಮೀಟರ್ ಸಾಕು. ಒಂದು ಶೆಲ್‌ಗೆ ಸುಮಾರು 15 ಮಿಲಿಆಂಪಿಯರ್, ಎರಡಕ್ಕೆ 30, ಮೂರಕ್ಕೆ 45. ರೇಖಾತ್ಮಕ ಸಮೀಕರಣದ ನಕ್ಷೆ ಕಲಿತ ಮರುವಾರವೇ ಇದನ್ನು ಇಟ್ಟರೆ ಎರಡು ವಿಷಯಗಳೂ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಶಾಲೆಯಲ್ಲಿ ಇಬ್ಬರು ಶಿಕ್ಷಕರ ವೇಳಾಪಟ್ಟಿಯಿಂದಾಗಿ ಕಷ್ಟವಾಗುವ ಈ ಜೋಡಣೆ ಮನೆಕಲಿಕೆಯಲ್ಲಿ ಸುಲಭ.

ಬಿಡಬೇಕಾದ ಪಟ್ಟಿಯನ್ನೂ ಯೋಜನೆ ಬರೆದಿಡಬೇಕು. ಮನೆಯ ವಿದ್ಯುತ್ ಸಾಲಿನ ಮೇಲೆ ಯಾವ ಪ್ರಯೋಗವೂ ಬೇಡ. ಸುಟ್ಟ ಸುಣ್ಣಕ್ಕೆ ನೀರು ಹಾಕುವುದು ಬೇಡ. ಅದು ಕುದಿದು ಕಣ್ಣಿಗೆ ಸಿಡಿದರೆ ಕಣ್ಣೇ ಹೋಗಬಹುದು. ತಿಳಿಯಾದ ಸುಣ್ಣದ ನೀರನ್ನು ದೊಡ್ಡವರು ಮಾಡಿಕೊಡಲಿ. ಪ್ರಬಲ ಆಮ್ಲ, ಸೋಡಿಯಂ ಲೋಹ, ಎಥನಾಲ್ ಸುಡುವುದು, ಇವು ಪ್ರಯೋಗಾಲಯಕ್ಕೇ ಮೀಸಲು. ಇವುಗಳಿಗಾಗಿ ನಮ್ಮ ಕಾಲೇಜಿನ ಪ್ರಯೋಗಾಲಯವನ್ನು ತಿಂಗಳಿಗೆ ಒಂದು ಭಾನುವಾರ ತೆರೆದರೆ ಸಾಕು.

ಮೂರು: ತಾನೇ ತಾಳೆ ನೋಡುವ ದಾರಿ

ತರಗತಿಯಲ್ಲಿ ಮಗುವಿನ ಮುಖ ನೋಡಿ ತಿಳಿದಿದೆಯೋ ಇಲ್ಲವೋ ಗೊತ್ತಾಗುತ್ತದೆ. ಮನೆಯಲ್ಲಿ ಮುಖ ನೋಡುವವರಿಲ್ಲ. ಆದ್ದರಿಂದ ಪ್ರತಿ ವಾರದ ಕೆಲಸದಲ್ಲೂ ‘ಸರಿಯಾಗಿದೆ ಎಂದು ನಿನಗೆ ಹೇಗೆ ಗೊತ್ತು?’ ಎಂಬ ಪ್ರಶ್ನೆಗೆ ಜಾಗವಿರಬೇಕು. ಸಮೀಕರಣ ಬಿಡಿಸಿದರೆ ಬೆಲೆಯನ್ನು ಮರಳಿ ಹಾಕಿ ನೋಡುವುದು, ನಕ್ಷೆಯ ಉತ್ತರವನ್ನು ಲೆಕ್ಕದ ಉತ್ತರಕ್ಕೆ ಹೋಲಿಸುವುದು, ತಪ್ಪಿದ ಲೆಕ್ಕಗಳಿಗೇ ಒಂದು ಬೇರೆ ವಹಿ ಇಡುವುದು. ತಾಯಿಗೆ ಗಣಿತ ಬರದಿದ್ದರೂ ಸಂಜೆ ರೊಟ್ಟಿ ಬಡಿಯುತ್ತ ‘ಇದು ಹೆಂಗ ಬಂತು, ಹೇಳ ನೋಡೂಣು’ ಎಂದು ಕೇಳಬಹುದು. ಹೇಳಲು ಹೊರಟಾಗಲೇ ಎಲ್ಲಿ ಎಡವುತ್ತೇವೆಂದು ಹೇಳುವವರಿಗೆ ಗೊತ್ತಾಗುತ್ತದೆ.

ಮಗುವೇ ತಾಳೆ ನೋಡಬಹುದಾದ ಲೆಕ್ಕಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 2025ರ ನವೆಂಬರ್‌ನಲ್ಲಿ ಕಬ್ಬಿನ ದರಕ್ಕಾಗಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ರೈತರು ಬೀದಿಗಿಳಿದದ್ದನ್ನು ನಾವೆಲ್ಲ ಕಂಡಿದ್ದೇವೆ. ಆ ಹಂಗಾಮಿಗೆ, ಅಂದರೆ 2025–26ಕ್ಕೆ, ಕೇಂದ್ರ ಸರಕಾರ ನಿಗದಿ ಮಾಡಿದ ಎಫ್‌ಆರ್‌ಪಿ ಶೇ. 10.25 ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ, ಇಳುವರಿ ಶೇ. 0.1 ಹೆಚ್ಚಾದರೆ 3.46 ರೂಪಾಯಿ ಹೆಚ್ಚು. ಇದು ಸಮಾಂತರ ಶ್ರೇಢಿ: ಮೊದಲ ಪದ 355, ಸಾಮಾನ್ಯ ವ್ಯತ್ಯಾಸ 3.46. ಇಳುವರಿ ಶೇ. 11.25 ಆದರೆ ದರವೆಷ್ಟು? ಹತ್ತು ಹೆಜ್ಜೆ ಏರಿದ್ದೇವೆ, ಆದರೆ ನಿಂತಿರುವುದು ಹನ್ನೊಂದನೆಯ ಪದದ ಮೇಲೆ. ದರ 389.60 ರೂಪಾಯಿ. ಸೂತ್ರದಲ್ಲಿ ಪದಗಳ ಸಂಖ್ಯೆಯಿಂದ ಒಂದನ್ನು ಏಕೆ ಕಳೆಯುತ್ತೇವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಕಂಡಿಲ್ಲ.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಇಳುವರಿ ಶೇ. 9.5ಕ್ಕಿಂತ ಕಡಿಮೆ ಇದ್ದರೂ 329.05 ರೂಪಾಯಿಗಿಂತ ಕೆಳಗೆ ಇಳಿಸುವಂತಿಲ್ಲ ಎಂಬ ನಿಯಮವಿದೆ. ಈ ಅಂಕಿ ಎಲ್ಲಿಂದ ಬಂತು? 10.25ರಿಂದ 9.5ಕ್ಕೆ 0.75 ಇಳಿತ, ಅಂದರೆ ಏಳೂವರೆ ಹೆಜ್ಜೆ. 7.5ನ್ನು 3.46ರಿಂದ ಗುಣಿಸಿದರೆ 25.95, 355ರಲ್ಲಿ ಕಳೆದರೆ 329.05. ಲೆಕ್ಕ ತಾಳೆಯಾಯಿತು. ಆದರೆ ಶ್ರೇಢಿಯಲ್ಲಿ ಏಳೂವರೆ ಹೆಜ್ಜೆ ಎಂಬುದು ಇದೆಯೇ? ಇಲ್ಲ. ಇಲ್ಲಿ ಬೇಕಾದದ್ದು ಸರಳರೇಖೆಯ ಸಮೀಕರಣ. ಶ್ರೇಢಿ ಆ ರೇಖೆಯ ಮೇಲಿನ ಬಿಡಿ ಬಿಂದುಗಳು ಎಂಬ ಸಂಬಂಧ ಹೀಗೆ ಹೊಳೆಯುತ್ತದೆ. ಇದರಿಂದ ಮನೆಗೂ ಉಪಯೋಗವಿದೆ. ಟನ್‌ಗೆ 3550 ಎಂಬ ಅಂಕಿಯಲ್ಲಿ ಕಟಾವು ಮತ್ತು ಸಾಗಣೆ ವೆಚ್ಚ ಕಳೆದ ಮೇಲೆ ಕೈಗೆ ಬರುವುದೆಷ್ಟು ಎಂದು ತಂದೆಗೆ ಲೆಕ್ಕ ಹಾಕಿ ತೋರಿಸಿದ ಹುಡುಗಿಯ ಓದನ್ನು ಆ ಮನೆಯವರು ಹಗುರವಾಗಿ ನೋಡಲಾರರು.

ಎರಡು ಆಕ್ಷೇಪಗಳು

‘ಮನೆಯಲ್ಲಿ ಓದಲು ಹೀಗೆ ಅಚ್ಚುಕಟ್ಟಾದ ಯೋಜನೆ ಕೊಟ್ಟರೆ ಶಾಲೆ ಬಿಡಿಸುವುದು ಇನ್ನೂ ಸುಲಭವಾಗುವುದಿಲ್ಲವೇ?’ ಇದು ಗಂಭೀರವಾದ ಪ್ರಶ್ನೆ. ಹುಡುಗಿಯರ ವಿಷಯದಲ್ಲಂತೂ ಶಾಲೆ ಎಂದರೆ ಪಾಠವಷ್ಟೇ ಅಲ್ಲ. ಗೆಳತಿಯರು, ಬಿಸಿಯೂಟ, ಮದುವೆಯ ಮಾತನ್ನು ಎರಡು ವರ್ಷ ಮುಂದೂಡುವ ಒಂದು ನೆಪ. ಆದ್ದರಿಂದ ಮೊದಲ ಕೆಲಸ ಮುಖ್ಯೋಪಾಧ್ಯಾಯರನ್ನು ಕಂಡು ಮರುದಾಖಲಾತಿಗೆ ಪ್ರಯತ್ನಿಸುವುದೇ. ಯೋಜನೆಯನ್ನೂ ಶಾಲೆಯ ಪಠ್ಯಪುಸ್ತಕದ ಮೇಲೆಯೇ ಕಟ್ಟಬೇಕು. ಆಗ ನಡುವೆ ಯಾವಾಗ ಬೇಕಾದರೂ ತರಗತಿಗೆ ಮರಳಿ ಹೋಗಿ ಕೂಡಬಹುದು. ಆದರೆ ಮರುದಾಖಲಾತಿ ಆಗದ ಮಗುವಿಗೆ ‘ಶಾಲೆಗೆ ಬಾ’ ಎಂದಷ್ಟೇ ಹೇಳಿ ಕೈತೊಳೆದುಕೊಂಡರೆ ಅದರ ಎರಡು ವರ್ಷ ಹಾಗೇ ಕಳೆದುಹೋಗುತ್ತವೆ.

ಎರಡನೆಯ ಆಕ್ಷೇಪ ನಮ್ಮವರದೇ: ಪ್ರಶಿಕ್ಷಣಾರ್ಥಿಗಳಿಗೆ ಈಗಾಗಲೇ ಕೆಲಸ ಹೊರೆಯಾಗಿದೆ. ನಿಜ. ಹೊಸ ಹೊರೆ ಬೇಡ, ಇರುವುದರಲ್ಲೇ ಬದಲಾವಣೆ ಸಾಕು. ನಮಗೆ ಇದು ತೀರ ಅಪರಿಚಿತವೂ ಅಲ್ಲ. 2020ರ ಆಗಸ್ಟ್‌ನಲ್ಲಿ ಶುರುವಾದ ವಿದ್ಯಾಗಮದಲ್ಲಿ ಶಿಕ್ಷಕರು ಗುಡಿಕಟ್ಟೆ, ಮರದ ನೆರಳಿಗೆ ಹೋಗಿ ಮನೆಯಲ್ಲಿದ್ದ ಮಕ್ಕಳಿಗೆ ಕಲಿಸಿದರು. 2022–23ರ ಕಲಿಕಾ ಚೇತರಿಕೆಯಲ್ಲಿ ಹಿಂದಿನ ತರಗತಿಗಳ ಕಲಿಕಾ ಫಲಗಳಿಗೆ ಮರಳಿ ಕಲಿಕಾ ಹಾಳೆಗಳನ್ನು ಸಿದ್ಧಪಡಿಸಿದರು. ಆ ಅನುಭವ, ಆ ಹಾಳೆಗಳು ಇನ್ನೂ ನಮ್ಮ ಬಳಿ ಇವೆ. ದೀಕ್ಷಾ ಆ್ಯಪ್‌ನಲ್ಲಿ ಪಠ್ಯಕ್ಕೆ ಹೊಂದುವ ಸಾಮಗ್ರಿಯೂ ಸಿಗುತ್ತದೆ. ಮೊಬೈಲ್ ಮನೆಗೆ ಒಂದೇ ಇದ್ದು ಅದು ರಾತ್ರಿ ಮಾತ್ರ ಕೈಗೆ ಸಿಗುವುದಾದರೆ ಮುದ್ರಿತ ಹಾಳೆಯೇ ಮುಖ್ಯ, ವಿಡಿಯೊ ಅದಕ್ಕೆ ಬೆಂಬಲ.

ನನ್ನ ಸಲಹೆ ಇಷ್ಟು. ನಾವು ಬರೆಯುವ ಘಟಕ ಯೋಜನೆಗಳಲ್ಲಿ ಒಂದನ್ನಾದರೂ ಮನೆಯಲ್ಲಿ ಕಲಿಯುತ್ತಿರುವ ಒಬ್ಬರಿಗಾಗಿ ಬರೆಯಲಿ: ಅವಲಂಬನೆಯ ನಕ್ಷೆ, ವಾರದ ಹಂಚಿಕೆ, ಮನೆಯಲ್ಲಿ ಮಾಡಬಹುದಾದ ಮತ್ತು ಮಾಡಬಾರದ ಪ್ರಯೋಗಗಳು, ತಾಳೆ ನೋಡುವ ಪ್ರಶ್ನೆಗಳು. ಇಂಟರ್ನ್‌ಶಿಪ್ ಅವಧಿಯಲ್ಲಿ ವಾರಕ್ಕೊಮ್ಮೆ ಆ ಮಗುವನ್ನು ಭೇಟಿಯಾಗಲಿ. ವಿಧಾನಶಾಸ್ತ್ರದ ಅಧ್ಯಾಪಕರು ನಮ್ಮ ಯೋಜನೆಯ ಅಂದ ನೋಡುವ ಬದಲು ಆ ಮಗುವಿನ ವಹಿ ನೋಡಿ ನಮಗೆ ಅಂಕ ಕೊಡಲಿ. ಹತ್ತು ಪ್ರಶಿಕ್ಷಣಾರ್ಥಿಗಳು ಹತ್ತು ಮಕ್ಕಳಿಗೆ ಹೀಗೆ ಮಾಡಿದರೆ ಮುಂದಿನ ವರ್ಷದವರಿಗೆ ಹತ್ತು ಪರೀಕ್ಷಿತ ಯೋಜನೆಗಳು ಕಾಲೇಜಿನಲ್ಲಿ ಸಿದ್ಧವಿರುತ್ತವೆ.

ಇದರಿಂದ ನಮಗೂ ಲಾಭವಿದೆ. ಒಬ್ಬಳಿಗಾಗಿ ಅವಲಂಬನೆಯ ನಕ್ಷೆ ಬರೆದವರಿಗೆ ಐವತ್ತು ಜನರ ತರಗತಿಯಲ್ಲೂ ಹಿಂದುಳಿದವರು ಎಲ್ಲಿ ಎಡವಿದ್ದಾರೆ ಎಂದು ಬೇಗ ಕಾಣುತ್ತದೆ. ಮುಂದಿನ ಜೂನ್‌ಗೆ ಮೊದಲು ಇದನ್ನು ಶುರು ಮಾಡಬೇಕೆಂದರೆ ನಿರ್ಧಾರ ಈ ವರ್ಷವೇ ಆಗಬೇಕು. ಮಕ್ಕಳ ಪಟ್ಟಿಗೆ ಹೆಚ್ಚು ಹುಡುಕಬೇಕಿಲ್ಲ. ನಮ್ಮ ನಮ್ಮ ಓಣಿಯಲ್ಲಿ ಕೇಳಿದರೆ ಸಿಗುತ್ತದೆ.